ಬ್ಯಾರನ್ನಿನಲ್ಲಿ ಬೆಂದ ಪೆನ್ನು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಎಚ್.ಡಿ. ಕೋಟೆ! ಈ ನಾಲ್ಕು ತಾಲ್ಲೂಕುಗಳ ಎಲ್ಲೆಯೊಳಗೆ ಇನ್ನು ಮುಂದೆ ಅಪ್ಪನ ಹೆಸರು ಗೊತ್ತಿಲ್ಲದ ಪೆನ್ನು ಒಂದೂ ಇರಕೂಡದು! ಹೀಗೆಂದು ನಾನು ಈ ಯುಗಾದಿಯ ದಿನ, ಬೇವು ಬೆಲ್ಲ ಬಾಯಲ್ಲಿರುವಾಗಲೇ ಭೀಷಣ ಪ್ರತಿಜ್ಞೆ ಮಾಡಿಬಿಟ್ಟೆ.

"ಮೊದ್ಲು ಬಾಯಲ್ಲಿರೋದನ್ನ ನುಂಗಿ. ಪ್ರತಿಜ್ಞೆ ಆಮೇಲೆ ಮಾಡೋರಂತೆ" ಎಂದಳು ನನ್ನ ಹೆಂಡತಿ ಪ್ರಮೀಳಾ.

ನಾನು ಸುನೀಲ್‌ಕುಮಾರ್. ಕೆ.ಆರ್. ನಗರದ ಒಂದು ಕಾಲೇಜಿನಲ್ಲಿ ಗುಮಾಸ್ತ. ಹಾಜರಿ ಪುಸ್ತಕ, ವರ್ಗಾವಣೆ ಪತ್ರ, ಅಂಕಪಟ್ಟಿಗಳ ನಡುವೆ ಹದಿನೆಂಟು ವರ್ಷ ಸದ್ದಿಲ್ಲದೆ ಬಾಳಿದವನು. ಯಾವ ವಿಷಯದಲ್ಲೂ ನನ್ನನ್ನು ಯಾರೂ ತಜ್ಞ ಅಂತ ಕರೆದಿರಲಿಲ್ಲ. ತೆಂಗಿನಕಾಯಿ ತರಲು ಕಳಿಸುವಾಗಲೂ ಹೆಂಡತಿ ಅದನ್ನು ಅಲ್ಲಾಡಿಸಿ ನೋಡುವ ವಿಧಾನವನ್ನು ಎರಡೆರಡು ಸಲ ಹೇಳಿಕೊಟ್ಟೇ ಕಳಿಸುತ್ತಾಳೆ. ಹೀಗಿರುವಾಗ ಕಾಲೇಜಿನ ಹಳೇ ಬೀರು ಖಾಲಿ ಮಾಡಿಸುವಾಗ ಮೂರು ಇಂಕ್ ಪೆನ್ನು, ಒಂದು ತಿರುಗಿಸುವ ಪೆನ್ಸಿಲ್ಲು ಸಿಕ್ಕವು. ಯಾವುದರ ಮೇಲೂ ಹೆಸರಿಲ್ಲ. ಯಾರು ಮಾಡಿದ್ದು? ಯಾವ ಊರು? ಯಾವ ಕಾಲ? ಆ ಪ್ರಶ್ನೆ ತಲೆಗೆ ಹೊಕ್ಕಿದ್ದೇ ತಡ, ಮೊಬೈಲಿನಲ್ಲಿ ಹುಡುಕಿ ಹುಡುಕಿ 'ಹಳೇ ಪೆನ್ನಿನ ಬಳಗ' ಎಂಬ ವಾಟ್ಸಾಪ್ ಗುಂಪಿಗೆ ಸೇರಿಕೊಂಡೆ. ಮೂವತ್ತೆರಡು ಜನ ಸದಸ್ಯರು. ಗುಂಪಿನ ಗುರುಗಳು ಹುಣಸೂರಿನ ನಿವೃತ್ತ ಪೋಸ್ಟ್‌ಮಾಸ್ಟರ್ ಮರಿಯಯ್ಯನವರು.

ಆಹಾ! ಎಂಥ ವಿದ್ಯೆ ಅದು! ನಿಬ್ಬಿನ ತೂತು ನೋಡಿ ದೇಶ ಹೇಳಬಹುದು. ಜೇಬಿಗೆ ಸಿಕ್ಕಿಸುವ ಕ್ಲಿಪ್ಪು ನೋಡಿ ಕಾಲ ಹೇಳಬಹುದು. ಪೆನ್ನಿನ ಮೈಮೇಲೆ ಅಳಿಸಿಹೋದ ಅಕ್ಷರವಿದ್ದರೆ ಪೌಡರು ಸವರಿ ಭೂತಗನ್ನಡಿ ಹಿಡಿದರೆ ಮೆಲ್ಲಗೆ ಎದ್ದು ಬರುತ್ತದೆ. ಹದಿನೈದು ದಿನಕ್ಕೆ ನಮ್ಮ ಮನೆಯ ಪೌಡರ್ ಡಬ್ಬಿ ಖಾಲಿ.

"ಮುಖಕ್ಕೆ ಹಾಕ್ಕೊಳ್ಳೋ ಪೌಡರ್ ಎಲ್ರೀ?"

"ಪೆನ್ನಿಗೆ ಹಾಕ್ದೆ ಕಣೇ."

"ಯಾಕೆ, ಅದಕ್ಕೂ ಗಂಡು ನೋಡ್ತಿದ್ದೀರಾ?"

ವಿದ್ವಾಂಸರಿಗೆ ಮನೆಯಲ್ಲಿ ಇಂಥ ಮಾತು ತಪ್ಪಿದ್ದಲ್ಲ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಚ್.ಡಿ. ಕೋಟೆಯ ಆಚೆ, ಕೇರಳದ ಗಡಿ ಮುಟ್ಟಿಕೊಂಡಿರುವ ಎನ್. ಬೇಗೂರಿನವರೆಗೂ ಬಸ್ಸಿನಲ್ಲಿ ಹೋಗಿ, ಒಬ್ಬ ನಿವೃತ್ತ ಫಾರೆಸ್ಟ್ ಗಾರ್ಡ್ ಮನೆಯಿಂದ ಉಕ್ಕಿನ ಹಳೇ ಪೆನ್ಸಿಲ್ಲೊಂದನ್ನು ಎರವಲು ತಂದೆ. ಏನು ನಯ, ಏನು ಕೆಲಸಗಾರಿಕೆ! ಅದು ಜರ್ಮನಿಯ ಗಡಿಯಾರ ಕೆಲಸಗಾರರ ಕೈಚಳಕವೆಂದು ಬಳಗದಲ್ಲಿ ಎರಡು ಪುಟ ಬರೆದೆ. ಹನ್ನೊಂದು ಚಪ್ಪಾಳೆ ಬಂದವು. ಮೂರನೇ ದಿನ ಗಾರ್ಡ್ ಹೆಂಡತಿ ಫೋನು ಮಾಡಿ, "ಸಾರ್, ಮೊಮ್ಮಗೀಗೆ ಜ್ವರ ಬಂದದೆ. ಆ ಉಕ್ಕಿನ ಡಬ್ಬೀಲಿರೋ ಥರ್ಮಾಮೀಟ್ರು ನಿಮ್ತಾವೇ ಐತಲ್ಲ, ಕಳ್ಸಿಕೊಡ್ತೀರಾ?" ಎಂದು ಕೇಳಿದರು. ಬಳಗಕ್ಕೆ ನಾನು ಈ ವಿಷಯ ತಿಳಿಸಲಿಲ್ಲ. ಸಂಶೋಧನೆಯಲ್ಲಿ ಎಲ್ಲವನ್ನೂ ಪ್ರಕಟಿಸಬೇಕೆಂಬ ನಿಯಮವೇನೂ ಇಲ್ಲ.

ಅಷ್ಟರಲ್ಲಿ ಬಂತು ನೋಡಿ, ನನ್ನ ಜೀವಮಾನದ ಅವಕಾಶ!

ಪ್ರಮೀಳೆಯ ತವರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಬೆಟ್ಟದಪುರಕ್ಕೆ ಮೂರು ಮೈಲಿ. ಹೊಗೆಸೊಪ್ಪು ಬೆಳೆಯುವ ಮನೆತನ. ಅವಳ ಅಣ್ಣ ಲಿಂಗರಾಜುವಿನ ಮಗಳು ಅನುಶ್ರೀಗೆ ಗಂಡು ಗೊತ್ತಾಗಿತ್ತು. ಶ್ರಾವಣದ ಒಂದು ಭಾನುವಾರ ಮನೆಯಲ್ಲೇ ಲಗ್ನಪತ್ರಿಕೆ ಬರೆಸುವ ಶಾಸ್ತ್ರ. ಆ ಮನೆಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಯಾವ ಹೆಣ್ಣುಮಗಳ ಮದುವೆಯಾದರೂ ಲಗ್ನಪತ್ರಿಕೆಯನ್ನು ಹಿರಿಯರ ಕಾಲದ ಒಂದು ಕರೀ ಪೆನ್ನಿನಲ್ಲೇ ಬರೆಸಬೇಕು. ಇಲ್ಲಿಯವರೆಗೆ ಹನ್ನೊಂದು ಮದುವೆ ಆ ಪೆನ್ನಿನಿಂದ ಆಗಿದೆ, ನಮ್ಮದೂ ಸೇರಿ. ಒಂದೂ ಮುರಿದಿಲ್ಲ.

"ನಮ್ಮದೂ ಮುರಿದಿಲ್ಲ ಅಂದ್ರೆ ಆ ಪೆನ್ನಿನ ಶಕ್ತಿ ಎಷ್ಟಿರಬೇಕು ಲೆಕ್ಕ ಹಾಕಿ" ಎನ್ನುತ್ತಾಳೆ ಪ್ರಮೀಳಾ.

ಆ ಪೆನ್ನನ್ನು ನಾನು ಹದಿನಾರು ವರ್ಷದ ಹಿಂದೆ ನೋಡಿದ್ದೆ. ಆಗ ನನ್ನ ಗಮನವೆಲ್ಲ ಬೇರೆ ಕಡೆ ಇತ್ತು. ಈಗ ಅದು ನೆನಪಾಗಿ ಮೈ ಜುಮ್ಮೆಂದಿತು. ಕಾಲೇಜಿಗೆ ಒಂದು ವಾರ ರಜೆ ಹಾಕಿದೆ. "ಶಾಸ್ತ್ರದ ಕೆಲಸಕ್ಕೆ ಭಾವನಿಗೆ ನೆರವಾಗ್ತೀನಿ" ಎಂದು ಹೆಂಡತಿಯನ್ನು ನಂಬಿಸಿ, ಅವಳಿಗಿಂತ ಐದು ದಿನ ಮೊದಲೇ ಹೋಗಿ ಮಾವನ ಮನೆಯಲ್ಲಿ ಇಳಿದೆ.

ಪೆನ್ನು ಇದ್ದದ್ದು ಪ್ರಮೀಳೆಯ ಅಜ್ಜಿ ತಿಮ್ಮಮ್ಮನವರ ಟ್ರಂಕಿನಲ್ಲಿ. ಅಜ್ಜಿಗೆ ಎಂಬತ್ತಾರು. ಕಣ್ಣು ಮಂಜು, ಕಿವಿ ಮಾತ್ರ ಚುರುಕು.

"ಅಳೀಮಯ್ಯ, ನೋಡಕ್ಕೆ ಕೊಡ್ತೀನಿ. ಬಿಚ್ಚಕ್ಕೆ ಕೊಡಾಕಿಲ್ಲ. ನಿಮ್ ಕೈ ಸುಮ್ಕಿರಾಕಿಲ್ಲ ಅಂತ ನಮ್ಮ ಪ್ರಮೀಳ ಏಳವ್ಳೆ."

"ಬಿಚ್ಚಲ್ಲ ಅಜ್ಜಿ. ನಿಮ್ಮ ಮೊಮ್ಮಗಳಾಣೆ" ಎಂದೆ. ಮೊಮ್ಮಗಳು ಇನ್ನೂ ಕೆ.ಆರ್. ನಗರದಲ್ಲೇ ಇದ್ದ ಧೈರ್ಯದ ಮೇಲೆ ಹಾಕಿದ ಆಣೆ ಅದು.

ಪೆನ್ನನ್ನು ಕೈಗೆ ತೆಗೆದುಕೊಂಡೆ. ಎಬೊನೈಟಿನ ಮೈ, ಅಂದರೆ ಗಟ್ಟಿ ರಬ್ಬರಿನದು. ನಿಬ್ಬಿನ ಮೇಲೆ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರ: ಹಾರ್ಗ್ರೀವ್ ಅಂಡ್ ವಿಗ್ಸ್, ಲಂಡನ್. ಮುಚ್ಚಳದ ಕ್ಲಿಪ್ಪಿನ ತುದಿಯಲ್ಲಿ ಒಂದು ಪುಟ್ಟ ಗುಂಡು. ಫೋಟೋ ತೆಗೆದು ಬಳಗಕ್ಕೆ ಹಾಕಿ, "ಲಂಡನ್ ತಯಾರಿಕೆ, ನೂರು ವರ್ಷಕ್ಕೆ ಕಮ್ಮಿಯಿಲ್ಲ. ಅಪರೂಪದಲ್ಲಿ ಅಪರೂಪ!" ಎಂದು ತೀರ್ಪು ಕೊಟ್ಟೇಬಿಟ್ಟೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹವೂ ಇರುತ್ತಿರಲಿಲ್ಲ, ನನ್ನ ಮಾನವೂ ಉಳಿಯುತ್ತಿತ್ತು. ಆದರೆ ಲಿಂಗರಾಜು ಭಾವ ಹಿಗ್ಗಿ ಹೀರೇಕಾಯಿಯಾಗಿ ಬೀಗರಿಗೆ ಫೋನು ಹಚ್ಚಿದ.

"ನಮ್ಮ ಭಾವ ಪೆನ್ನಿನ ಪಂಡಿತ್ರು ಕಣ್ರೀ! ನಮ್ಮನೆ ಪೆನ್ನು ಲಂಡನ್ನಂತೆ! ಭಾನುವಾರ ಪತ್ರಿಕೆ ಬರ್ಯಾಕ್ ಮುಂಚೆ ಎಲ್ರ ಮುಂದೂ ಅದ್ರ ಚರಿತ್ರೆ ಏಳ್ತಾರೆ!"

ಅವನು ನನಗೆ ಭಾವ, ನಾನು ಅವನಿಗೆ ಭಾವ. ನಮ್ಮ ಕಡೆ ಹೀಗೇ. ಆದರೆ ಆ ದಿನ ಅವನು 'ಭಾವ' ಎಂದದ್ದರಲ್ಲಿ ಒಂದು ಹೊಸ ಗೌರವವಿತ್ತು. ಅಳಿಯನಾಗಿ ಹದಿನಾರು ವರ್ಷದಲ್ಲಿ ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಗೌರವ. ಸುಳ್ಳು ಯಾಕೆ ಹೇಳಲಿ, ಅದು ನನಗೆ ತುಂಬ ಹಿಡಿಸಿತು.

ಆಗಲೇ ಮರಿಯಯ್ಯನವರ ಫೋನು ಬಂತು.

"ಸುನೀಲ್‌ಕುಮಾರ್, ನಿಬ್ಬು ನೋಡಿ ಯಾವತ್ತೂ ಜಾತಕ ಹೇಳಬೇಡಿ. ನಿಬ್ಬು ಯಾರು ಬೇಕಾದರೂ ಬದಲಾಯಿಸಿರ್ತಾರೆ. ಕತ್ತಿನ ಭಾಗ ತಿರುಗಿಸಿ ಬಿಚ್ಚಿದರೆ ಒಳಗಡೆ ಮರೆಯಲ್ಲಿ ತಯಾರಕರ ಗುರುತು ಇರುತ್ತೆ. ಅದೇ ಸಾಕ್ಷಿ."

"ಬಿಗಿದುಕೊಂಡಿದೆ ಸಾರ್. ಮಿಸುಕೋದಿಲ್ಲ."

"ಒಣಗಿದ ಇಂಕು ಹಿಡಿದಿರುತ್ತೆ. ಹದವಾದ ಬಿಸಿ ಕೊಡಬೇಕು. ನೂರು ಡಿಗ್ರಿ ಫ್ಯಾರನ್‌ಹೀಟು, ಇಪ್ಪತ್ನಾಲ್ಕು ಗಂಟೆ. ಮೇಲೆ ಹೋಗಬಾರದು. ನೀರು ಮುಟ್ಟಿಸಬಾರದು."

ಇಪ್ಪತ್ನಾಲ್ಕು ಗಂಟೆ ಒಂದೇ ಸಮ ನೂರು ಡಿಗ್ರಿ! ಒಲೆ ಮೇಲಿಟ್ಟರೆ ಸುಡುತ್ತದೆ. ಬಿಸಿಲಿಗಿಟ್ಟರೆ ಶ್ರಾವಣದ ಮೋಡ. ಏನು ಮಾಡಲಿ ಎಂದು ಅಂಗಳಕ್ಕೆ ಬಂದು ನಿಂತರೆ, ಕಣ್ಣೆದುರಿಗೇ ನಿಂತಿತ್ತು ಲಿಂಗರಾಜುವಿನ ಬ್ಯಾರನ್ನು!

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬ್ಯಾರನ್ನು ಎಂದರೆ ಹೊಗೆಸೊಪ್ಪು ಬೇಯಿಸುವ ಕಿಟಕಿಯಿಲ್ಲದ ಎತ್ತರದ ಕೋಣೆ. ಹಸಿ ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ ಸಾಲುಸಾಲಾಗಿ ತೂಗುಹಾಕುತ್ತಾರೆ. ಹೊರಗೆ ಸೌದೆ ಉರಿ, ಒಳಗೆ ಕೊಳವೆಯಲ್ಲಿ ಶಾಖ. ಗೋಡೆಯಲ್ಲಿ ಅಂಗೈಯಗಲದ ಒಂದು ಗಾಜು. ಅದರ ಹಿಂದೆ ಥರ್ಮಾಮೀಟರು. ಸೋಮವಾರ ಆ ಹೊತ್ತಿಗೆ ಲಿಂಗರಾಜು ಬ್ಯಾರನ್ ತುಂಬುತ್ತಿದ್ದ.

"ಭಾವ, ಎಷ್ಟು ಡಿಗ್ರಿ ಇಡ್ತೀರಿ?" ಎಂದು ಏನೂ ಅರಿಯದವನ ಹಾಗೆ ಕೇಳಿದೆ.

"ನೂರು."

ನೂರು! ನಾಲ್ಕು ತಾಲ್ಲೂಕಿನ ಪೆನ್ನು ಪಂಡಿತರಲ್ಲಿ ಇದು ಇನ್ನ್ಯಾರಿಗೆ ಹೊಳೆದೀತು! ಚರಿತ್ರೆ ಬರೆಯಬೇಕೆಂದು ಹೇಳಿ ಭಾನುವಾರದವರೆಗೆ ಪೆನ್ನನ್ನು ಅಜ್ಜಿಯಿಂದ ಕೇಳಿ ಇಟ್ಟುಕೊಂಡಿದ್ದೆ. ಅದರ ಮುಚ್ಚಳ ತೆಗೆದು ಜೇಬಿಗಿಟ್ಟೆ. ಮೈಯನ್ನು ಕರ್ಚೀಫಿನಲ್ಲಿ ಜೋಲಿ ಮಾಡಿ ಮಲಗಿಸಿದೆ. ಭಾವ ಕಾಫಿಗೆ ಹೋದಾಗ ಒಳಗೆ ನುಗ್ಗಿ, ಗಾಜಿಗೆ ಎದುರಾಗಿದ್ದ ಕಡ್ಡಿಗೆ ಆ ಜೋಲಿಯನ್ನು ಕಟ್ಟಿ ಹೊರಬಂದೆ. ಹಸುಗೂಸನ್ನು ಮಲಗಿಸಿ ಬಂದ ತಾಯಿಯಂತೆ ಹಗುರಾಗಿ ಹೆಜ್ಜೆ ಇಟ್ಟೆ. ಭಾವ ಬಂದು ಬಾಗಿಲು ಹಾಕಿ, ಸಂದುಗೊಂದಿಗೆಲ್ಲ ಮಣ್ಣು ಮೆತ್ತಿ, ಉರಿ ಹಚ್ಚಿದ.

ಮಂಗಳವಾರ ಇಪ್ಪತ್ನಾಲ್ಕು ಗಂಟೆ ತುಂಬಿತು. ನಾನು ಹೋಗಿ ಬ್ಯಾರನ್ನಿನ ಬಾಗಿಲ ಚಿಲಕದ ಮೇಲೆ ಕೈಯಿಟ್ಟೆನೋ ಇಲ್ಲವೋ, ಹಿಂದಿನಿಂದ ಸಿಡಿಲು ಹೊಡೆಯಿತು.

"ಭಾವಾ! ಮುಟ್ಬ್ಯಾಡಿ! ಏನ್ ಮಾಡ್ತಿದ್ದೀರಿ!"

"ಸುಮ್ನೆ ಒಂದು ಸಲ ತೆಗೆದು ಹಾಕೋಣ ಅಂತ..."

"ತೆಗೆದು ಹಾಕಾದಾ? ಈಗ ಗಾಳಿ ನುಗ್ಗಿದ್ರೆ ಸೊಪ್ಪೆಲ್ಲ ಕರ್ರಗಾಯ್ತದೆ ಕಣ್ರೀ! ವರ್ಷದ ಬೆಳೆ! ಭಾನುವಾರ ಬೆಳಗ್ಗೆವರ್ಗೂ ಈ ಬಾಗ್ಲು ಆ ಭಗವಂತ ಬಂದ್ರೂ ತೆಗ್ಯಾಕಿಲ್ಲ!"

"ಭಾನುವಾರವೇ?" ಚಿಲಕದಿಂದ ಕೈ ತೆಗೆದೆ. "ಅಲ್ಲೀವರೆಗೂ ನೂರೇ ಡಿಗ್ರಿ ಇರುತ್ತಲ್ವಾ?"

ಲಿಂಗರಾಜು ಎರಡನೇ ಕ್ಲಾಸಿನ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿ ನಕ್ಕ. "ನೂರು ಬರೇ ಸೊಪ್ಪು ಹಣ್ಣಾಗಾಕೆ ಭಾವ. ಆಮ್ಯಾಕೆ ನೂರ ಇಪ್ಪತ್ತು, ನೂರ ಮೂವತ್ತೈದು. ಎಲೆ ದಂಟು ಒಣಗಾಕೆ ನೂರ ಅರವತ್ತು!"

ನೂರ ಅರವತ್ತು! ಹದಿನಾರು ವರ್ಷದಿಂದ ಹೊಗೆಸೊಪ್ಪಿನ ಮನೆ ಅಳಿಯ ನಾನು. ಸೊಪ್ಪು ಬೇಯುವುದೆಂದರೆ ಶಾಖ ಏರುತ್ತದೆ ಎನ್ನುವುದನ್ನು ಒಂದು ಸಲವೂ ಕೇಳಿ ತಿಳಿದುಕೊಂಡಿರಲಿಲ್ಲ. ಬಂದಾಗಲೆಲ್ಲ ಕೋಳಿ ಸಾರು ತಿಂದು ಮಲಗಿದ್ದೇ ನನ್ನ ಅಧ್ಯಯನ.

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಬಾಗಿಲು ತೆಗೆಸಿದರೆ ಭಾವನ ಬೆಳೆ ಹೋಗುತ್ತದೆ. ತೆಗೆಸದಿದ್ದರೆ ಪೆನ್ನು ಹೋಗುತ್ತದೆ, ಪೆನ್ನು ಹೋದರೆ ಅನುಶ್ರೀಯ ಲಗ್ನ ಬರೆಯುವುದು ಯಾವುದರಲ್ಲಿ? ಬೆಳಗಾದರೆ ಹೋಗಿ ಆ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದೆ. ಟಾರ್ಚು ಬಿಟ್ಟರೆ ಹಳದಿಗಟ್ಟುತ್ತಿದ್ದ ಎಲೆಗಳ ನಡುವೆ ನನ್ನ ಕರ್ಚೀಫು ನೇತಾಡುವುದು ಕಾಣುತ್ತಿತ್ತು. ಬುಧವಾರ ನೂರ ಹದಿನೈದು. ಗುರುವಾರ ನೂರ ಮೂವತ್ತು. ಒಂದೊಂದು ಡಿಗ್ರಿ ಏರಿದಾಗಲೂ ನನ್ನ ಮೈಗೇ ಜ್ವರ ಏರುತ್ತಿತ್ತು.

ನನ್ನ ಈ ತಪಸ್ಸನ್ನು ಮನೆಯವರು ಬೇರೆಯೇ ಅರ್ಥ ಮಾಡಿಕೊಂಡರು. ಲಿಂಗರಾಜು ಬಂದವರಿಗೆಲ್ಲ ನನ್ನನ್ನು ತೋರಿಸಿ, "ನೋಡ್ರಪ್ಪ, ಅಳಿಯ ಅಂದ್ರೆ ಇಂಗಿರ್ಬೇಕು! ಊಟ ಬುಟ್ಟು ಸೊಪ್ಪು ಕಾಯ್ತಾವ್ರೆ! ನನ್ನ ಸ್ವಂತ ತಮ್ಮ ಇದ್ದಿದ್ರೂ ಇಷ್ಟು ಮಾಡ್ತಿರ್ನಿಲ್ಲ!" ಎಂದು ಕಣ್ಣು ಒರೆಸಿಕೊಂಡ. ನನ್ನ ಕಣ್ಣಲ್ಲೂ ನೀರು ಬಂತು. ಕಾರಣ ಬೇರೆ.

ಶುಕ್ರವಾರ ಮಧ್ಯಾಹ್ನ ಪ್ರಮೀಳಾ ಬಂದಳು. ಚಪ್ಪಲಿ ಬಿಡುವ ಮೊದಲೇ ಸೀದಾ ಬ್ಯಾರನ್ನಿನ ಹತ್ತಿರ ಬಂದಳು.

"ಏನ್ರೀ, ಗಾಜು ಬಿಟ್ಟು ಏಳ್ತಾನೇ ಇಲ್ವಂತೆ?"

"ಸೊಪ್ಪಿನ ಬಣ್ಣ ನೋಡ್ತಿದ್ದೆ ಕಣೇ."

"ಹಳದಿ ಸೀರೆಗೂ ಕೇಸರಿ ಸೀರೆಗೂ ವ್ಯತ್ಯಾಸ ಗೊತ್ತಾಗಲ್ಲ ನಿಮ್ಗೆ. ಸರೀರಿ ಆ ಕಡೆ."

ಸರಿದೆ. ಅವಳು ಒಳಗೆ ಇಣುಕಿದಳು.

"ಅಲ್ಲಿ ಜೋಲಿ ಕಟ್ಕೊಂಡು ನೇತಾಡ್ತಿರೋದು ನಾನು ಹೂವು ಹಾಕ್ಕೊಟ್ಟ ಕರ್ಚೀಫಲ್ವಾ?"

"ಇರಬಹುದು."

"ಅದರೊಳಗೇನಿದೆ?"

"ಸಂಶೋಧನೆ."

"ರೀ!"

ಹೇಳಿಬಿಟ್ಟೆ. ಮರಿಯಯ್ಯನವರ ಫೋನಿನಿಂದ ಹಿಡಿದು ನೂರ ಅರವತ್ತರವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ಬ್ಯಾರನ್ ಮನೆಯಲ್ಲಿ ಹುಟ್ಟಿ ಬೆಳೆದವಳು; ಥರ್ಮಾಮೀಟರು ನೋಡಲು ಅವಳಿಗೆ ಟಾರ್ಚು ಬೇಡ. ನೂರ ಐವತ್ತೆಂಟು. ಕೈ ಹಣೆಗೆ ಹೋಯಿತು.

"ಅಣ್ಣಂಗೆ ಹೇಳಿ ಬಾಗಿಲು ತೆಗೆಸೋಣ್ವೇನೇ?" ಎಂದೆ ಮೆಲ್ಲಗೆ.

"ತೆಗೆಸಿದ್ರೆ ಸೊಪ್ಪೂ ಹಾಳು, ಪೆನ್ನು ಆಗ್ಲೇ ಹಾಳು. ಎರಡ್ಯಾಕೆ? ಒಂದೇ ಹಾಳಾಗ್ಲಿ." ಆಮೇಲೆ ಒಂದು ಕ್ಷಣ ನನ್ನನ್ನೇ ನೋಡಿ, "ಹೋಗಿ, ಮೊದ್ಲು ಊಟ ಮಾಡಿ. ಮುಖ ನೋಡಿ ಹೆಂಗಾಗಿದೆ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಊಟ ಮಾಡಿ ಅಂದದ್ದಕ್ಕೆ ನಿಜವಾಗಿಯೂ ಅಳು ಬಂತು.

ಭಾನುವಾರ ಬೆಳಗ್ಗೆ ಲಿಂಗರಾಜು ಬ್ಯಾರನ್ನಿನ ಬಾಗಿಲು ತೆಗೆದ. ಏನು ಸೊಪ್ಪು! ಒಂದೊಂದು ಎಲೆಯೂ ಅಪ್ಪಟ ಬಂಗಾರ! "ಇದು ನಮ್ಮ ಭಾವನ ಕೈಗುಣ!" ಎಂದು ಅವನು ಕುಣಿಯುತ್ತಿದ್ದ ಗದ್ದಲದಲ್ಲಿ ನಾನು ಕರ್ಚೀಫು ಬಿಚ್ಚಿಕೊಂಡು ಹಿತ್ತಲಿಗೆ ಓಡಿದೆ.

ಜೋಲಿ ಬಿಡಿಸಿದೆ. ಜೋಲಿ ಹೇಗೆ ಬಾಗಿತ್ತೋ ಪೆನ್ನೂ ಹಾಗೇ ಬಾಗಿತ್ತು. ಥೇಟು ಬಾಳೆಕಾಯಿ! ಕರೀ ಬಣ್ಣ ಹೋಗಿ ಸಗಣಿ ಬಣ್ಣ ಬಂದಿತ್ತು. ಮೂಸಿದರೆ ಹೊಗೆಸೊಪ್ಪಿನ ಘಾಟು. ಆದರೂ ನೋಡಿ ಮನುಷ್ಯನ ಚಪಲ! ಅಷ್ಟರಲ್ಲೂ ನನ್ನ ಬೆರಳು ಅದರ ಕತ್ತು ತಿರುಗಿಸಿತು. ಐದು ದಿನ ಬೆಂದ ಕತ್ತು ಬೆಣ್ಣೆಯಂತೆ ಬಿಚ್ಚಿಕೊಂಡಿತು. ಉಸಿರು ಹಿಡಿದು ಒಳಗೆ ನೋಡಿದೆ.

ಏನೂ ಇರಲಿಲ್ಲ. ಒಂದು ಅಕ್ಷರ, ಒಂದು ಗೀರು, ಒಂದು ಚುಕ್ಕಿಯೂ ಇರಲಿಲ್ಲ!

ಹತ್ತೂವರೆಗೆ ಬೀಗರು ಬಂದರು. ಎಚ್.ಡಿ. ಕೋಟೆಯ ಕಡೆಯವರು, ಎರಡು ಟೆಂಪೋ ಜನ. ಹುಡುಗ ರಘು ಟ್ರ್ಯಾಕ್ಟರ್ ಶೋರೂಮಿನಲ್ಲಿ ಮೆಕ್ಯಾನಿಕ್. ಒಳ್ಳೆ ಹುಡುಗ, ಮೈಬಗ್ಗಿಸಿ ದುಡಿಯುವವನು. ಅವನ ತಾಯಿ ಮಾಯಮ್ಮನವರು ಮಾತ್ರ ಶಕುನ, ಹಲ್ಲಿ, ಬೆಕ್ಕು ಎಲ್ಲ ನೋಡುವವರು. ಚಾಪೆ ಹಾಸಿ, ತಟ್ಟೆಯಲ್ಲಿ ತಾಂಬೂಲ, ಅರಿಸಿನ ಹಚ್ಚಿದ ಹಾಳೆ ಇಟ್ಟು ಜೋಯಿಸರು ಕೂತರು. ಅನುಶ್ರೀ ರೇಷ್ಮೆ ಸೀರೆಯುಟ್ಟು ಅಜ್ಜಿಯ ಪಕ್ಕ ಕೂತಿದ್ದಳು. ಲಿಂಗರಾಜು ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಈಗ ನಮ್ಮ ಭಾವ, ಪೆನ್ನಿನ ಪಂಡಿತ್ರು, ನಮ್ಮನೆ ಪೆನ್ನು ಯಾರು ಮಾಡಿದ್ದು, ಎಂಗೆ ಬಂತು ಅಂತ ಏಳ್ತಾರೆ!"

ಎಲ್ಲರೂ ನನ್ನತ್ತ ತಿರುಗಿದರು. ನಾನು ಎದ್ದೆ. ಬೇರೆ ಪೆನ್ನು ತೋರಿಸಿ ಬಚಾವಾಗಬಹುದಿತ್ತು. ಅಂಥದೊಂದು ನನ್ನ ಅಂಗಿ ಜೇಬಿನಲ್ಲೇ ಇತ್ತು. ಅಜ್ಜಿಯ ಕಣ್ಣು ಬೇರೆ ಮಂಜು. ಆದರೆ ಅನುಶ್ರೀ ನನ್ನನ್ನು ನೋಡಿ ಹೆಮ್ಮೆಯಿಂದ ನಕ್ಕಳು. ಐದು ವರ್ಷದ ಮಗುವಾಗಿದ್ದಾಗ ನನ್ನ ಹೆಗಲ ಮೇಲೆ ಕೂತು ಬೆಟ್ಟ ಹತ್ತಿದ ಹುಡುಗಿ. ಅವಳ ಲಗ್ನವನ್ನು ಸುಳ್ಳು ಪೆನ್ನಿನಲ್ಲಿ ಬರೆಸಲು ನನ್ನ ಕೈಲಾಗಲಿಲ್ಲ. ಕರ್ಚೀಫು ಬಿಚ್ಚಿ ಆ ಬಾಳೆಕಾಯಿಯನ್ನು ತಟ್ಟೆಯಲ್ಲಿಟ್ಟೆ.

"ತಪ್ಪು ನನ್ನದು" ಎಂದೆ. "ಯಾರು ಮಾಡಿದ್ದು ಅಂತ ತಿಳ್ಕೊಳ್ಳೋಕೆ ಬ್ಯಾರನ್ ಒಳಗೆ ಇಟ್ಟೆ. ಬಗ್ಗಿಹೋಯ್ತು. ಯಾರು ಮಾಡಿದ್ದು ಅಂತಲೂ ಗೊತ್ತಾಗಲಿಲ್ಲ."

ಲಿಂಗರಾಜುವಿನ ಬಾಯಿ ತೆರೆದದ್ದು ತೆರೆದೇ ಇತ್ತು. ಸೊಪ್ಪು ಕಾದ ಅಳಿಯನ ಗುಟ್ಟು ಅವನಿಗೆ ಆಗ ತಿಳಿಯಿತು. ಮಾಯಮ್ಮನವರು ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟರು.

"ಲಗ್ನ ಬರ್ಯೋ ಪೆನ್ನೇ ಸೊಟ್ಟಗಾಯ್ತು ಅಂದ್ರೆ ನಂಗ್ಯಾಕೋ ಮನ್ಸು ಒಪ್ತಾ ಇಲ್ಲ ಕಣ್ರಪ್ಪ. ಇನ್ನೊಂದ್ ದಿಸ ನೋಡಾನ."

ಅನುಶ್ರೀಯ ಮುಖ ಇಳಿದುಹೋಯಿತು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಅಷ್ಟರಲ್ಲಿ ಕಿಲಕಿಲ ನಗು ಕೇಳಿಸಿತು. ಅಜ್ಜಿ! ಪೆನ್ನನ್ನು ಕೈಯಲ್ಲಿ ತಡವಿ ತಡವಿ, ಹಲ್ಲಿಲ್ಲದ ಬಾಯಿ ಅಗಲಿಸಿ ನಗುತ್ತಿದ್ದರು.

"ಕೂತ್ಕೊ ಮಾಯಮ್ಮ, ಕೂತ್ಕೊ. ಈ ಪೆನ್ನಿಗೆ ಇದೇನ್ ಹೊಸ್ದಲ್ಲ. ಈ ಮನೆ ಅಳಿಯಂದ್ರು ಒಬ್ಬೊಬ್ರೂ ಇದ್ನ ಒಂದೊಂದ್ ಕಿತ ಹಾಳ್ ಮಾಡವ್ರೆ. ಏ ಚಲುವಯ್ಯ, ಮುಚ್ಚಳ ಏನಾಯ್ತು ಏಳಪ್ಪ!"

ಕಂಬಕ್ಕೆ ಒರಗಿ ಕೂತಿದ್ದ ಚಲುವಯ್ಯನವರು ಅಜ್ಜಿಯ ದೊಡ್ಡ ಅಳಿಯ. ವಯಸ್ಸು ಎಪ್ಪತ್ತರ ಮೇಲೆ. ಅವರು ತಲೆ ತಗ್ಗಿಸಿದರು. "ಗದ್ದೆ ನಾಟಿ ದಿನ ಜೇಬಲ್ ಇಟ್ಕೊಂಡ್ ಓಗಿದ್ದೆ ಕಣತ್ತೆ. ಕೆಸರಲ್ ಬಿದ್ದೋಯ್ತು. ಆಮ್ಯಾಕೆ ಕೆ.ಆರ್. ನಗರದ ಸಂತೇಲಿ ಬೇರೆ ಮುಚ್ಚಳ ತಂದು ಹಾಕ್ದೆ."

ತುದಿಯಲ್ಲಿ ಗುಂಡಿರುವ, ನೂರು ವರ್ಷದ ಹಿಂದಿನ ಕ್ಲಿಪ್ಪು!

"ಎರಡ್ನೇ ಅಳಿಯ ಮಲ್ಲೇಶ ಇವತ್ತು ಬಂದಿಲ್ಲ. ಅವನು ನಿಬ್ಬಲ್ಲಿ ರೇಡಿಯೋ ತಿರುಪು ಬಿಚ್ಚಕ್ ಓಗಿ ಮುರ್ದಾಕ್ದ. ಮೈಸೂರಲ್ಲಿ ಫುಟ್‌ಪಾತ್ ಮೇಲೆ ಬೇರೆ ನಿಬ್ಬು ಸಿಕ್ತಂತೆ, ತಂದು ಸಿಕ್ಕುಸ್ದ" ಎಂದರು ಅಜ್ಜಿ.

ಹಾರ್ಗ್ರೀವ್ ಅಂಡ್ ವಿಗ್ಸ್, ಲಂಡನ್!

"ಮೈ ಮಾತ್ರ ಹಳೇದೇ ಅಲ್ವಾ ಅಜ್ಜಿ?" ಎಂದೆ.

"ಎಲ್ಲಿ ಹಳೇದು! ಇದು ನಮ್ಮಪ್ಪನ ಪೆನ್ನು ಕಣಪ್ಪ. ನಮ್ಮೆಜಮಾನ್ರು ಅಣ್ಣಯ್ಯನೋರು ಈ ಮನೆಗೆ ಮನೆ ಅಳಿಯನಾಗ್ ಬಂದೋರು. ಮದ್ವೆಯಾದ ವರ್ಷವೇ ಇದ್ನ ಎತ್ತಿನ ಗಾಡಿ ಕೀಲಿಗೆ ತುರ್ಕಿ ಎರಡು ಹೋಳ್ ಮಾಡುದ್ರು. ಆಮ್ಯಾಕೆ ಎಲ್ಲಿಂದ್ಲೋ ಒಂದು ಮೈ ತಂದ್ರು. ಎಲ್ಲಿಂದ ಅಂತ ನಂಗೂ ಏಳ್ನಿಲ್ಲ."

"ಹಾಗಾದ್ರೆ ನಿಮ್ಮಪ್ಪಂದು ಅಂತ ಇದರಲ್ಲಿ ಏನುಳಿದಿದೆ ಅಜ್ಜಿ?"

"ಹೆಸ್ರು!" ಎಂದರು ಅಜ್ಜಿ. "ನೀನು ಆರು ತಿಂಗ್ಳಿಂದ ಯಾರ್ ಮಾಡಿದ್ದು, ಯಾರ್ ಮಾಡಿದ್ದು ಅಂತ ಊರೂರು ಸುತ್ತಿದ್ಯಂತೆ. ನನ್ನೊಂದ್ ಮಾತು ಕೇಳುದ್ಯಾ? ಈ ಮನೆ ಅಳಿಯಂದ್ರೇ ಮಾಡಿದ್ದು ಕಣಪ್ಪ. ಈಗ ನೀನೂ ಮಾಡ್ದೆ."

ಚಾವಡಿಯೇ ಹಾರಿಹೋಗುವಂಥ ನಗು ಎದ್ದಿತು. ನನ್ನ ನೂರು ವರ್ಷದ ಲಂಡನ್ನು ಮಲ್ಲೇಶನ ಫುಟ್‌ಪಾತಿಗೂ ಚಲುವಯ್ಯನವರ ಸಂತೆಗೂ ಹಂಚಿಹೋಗಿತ್ತು. ಪ್ರಮೀಳಾ ಸೆರಗು ಬಾಯಿಗೆ ಒತ್ತಿಕೊಂಡು ಅಲುಗಾಡುತ್ತಿದ್ದಳು. ಜೋಯಿಸರು ಸೊಟ್ಟ ಪೆನ್ನನ್ನು ಇಂಕಿನ ಬಾಟಲಿಗೆ ಅದ್ದಿ, ಹಾಳೆಯ ಮೂಲೆಯಲ್ಲಿ 'ಶ್ರೀ' ಎಂದು ಬರೆದು ನೋಡಿದರು. ಚೆನ್ನಾಗಿಯೇ ಮೂಡಿತು.

"ಬರೀತಾ ಇದೆಯಮ್ಮ. ನನ್ನ ಬೆರಳೂ ವಯಸ್ಸಾಗಿ ಸೊಟ್ಟಗಾಗಿವೆ, ಸರಿಯಾಗಿ ಕೂತ್ಕೊಳ್ತು. ಆದರೆ ಹುಡುಗನ ತಾಯಿ ಒಪ್ಪಬೇಕಲ್ಲ?"

ಮಾಯಮ್ಮನವರು ಇನ್ನೂ ನಿಂತೇ ಇದ್ದರು. ಕೂರಲೋ ಹೋಗಲೋ ಎಂದು ಮಗನ ಕಡೆ ನೋಡಿದರು. ಎಲ್ಲರೂ ಅವನ ಕಡೆ ನೋಡಿದೆವು. ಬಂದಾಗಿನಿಂದ ಒಂದು ಮಾತೂ ಆಡದೆ ತಲೆ ತಗ್ಗಿಸಿ ಕೂತಿದ್ದ ರಘು ಯಾವಾಗಲೋ ಮುಂದಕ್ಕೆ ಜರುಗಿ, ಜೋಯಿಸರ ಕೈಯಲ್ಲಿದ್ದ ಪೆನ್ನನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅವನ ಬೆರಳುಗಳು ತಾವಾಗಿಯೇ ತಿರುಪು ತಿರುಗಿಸುವ ಹಾಗೆ ಆಡುತ್ತಿದ್ದವು.

"ಅಜ್ಜಿ, ಇದ್ನ ನಂಗೊಂದ್ ಅರ್ಧ ಗಂಟೆ ಕೊಡ್ತೀರಾ?" ಎಂದ. "ಟೆಂಪೋದಲ್ಲಿ ಸ್ಪಾನರ್ ಸೆಟ್ ಐತೆ. ಕತ್ತು ಬಿಚ್ಚಿ, ಒಂಚೂರು ಗ್ಯಾಸಲ್ಲಿ ಬಿಸಿ ಮಾಡಿ, ಎರಡೇಟು ಕುಟ್ಟುದ್ರೆ ನೆಟ್ಟಗಾಯ್ತದೆ!"

"ಬ್ಯಾಡ!" ಎಂದು ನಾನು, ಲಿಂಗರಾಜು, ಚಲುವಯ್ಯನವರು ಮೂವರೂ ಒಟ್ಟಿಗೇ ಕಿರುಚಿದೆವು. ಜೋಯಿಸರು ಪೆನ್ನನ್ನು ಎದೆಗೆ ಅವಚಿಕೊಂಡರು.

ಅಜ್ಜಿ ಮಾತ್ರ ಎರಡೂ ಕೈಯೆತ್ತಿ ರಘುವಿನ ಮುಖಕ್ಕೆ ನಿವಾಳಿಸಿ ಲಟಿಕೆ ಮುರಿದರು.

"ಇನ್ಯಾವ ಜಾತ್ಕ ಕೂಡ್ಬೇಕು ಮಾಯಮ್ಮ? ಇವ್ನು ನಮ್ಮನೆ ಅಳಿಯನೇ! ಬರೀರಿ ಸ್ವಾಮಿ ಲಗ್ನವ, ಇವ್ನ ಕೈಗೆ ಸಿಕ್ಕಾಕ್ ಮುಂಚೆ!"